ಮನೆಯಲ್ಲಿ ಗಾಯದ ಡ್ರೆಸ್ಸಿಂಗ್: ಬಿಚ್ಚುವುದರಿಂದ ಕಟ್ಟುವವರೆಗೆ

ಗಾಯ ವಾಸಿಯಾಯಿತು ಅನ್ನುವುದಕ್ಕೆ ಕನ್ನಡದಲ್ಲಿ ಎರಡು ಮಾತಿವೆ. ಕೆಲವರು ‘ಗಾಯ ಮಾಯಿತು’ ಅನ್ನುತ್ತಾರೆ, ಹೆಚ್ಚಿನವರು ‘ಗಾಯ ಒಣಗಿತು’ ಅನ್ನುತ್ತಾರೆ. ಡ್ರೆಸ್ಸಿಂಗ್ ವಿಚಾರದಲ್ಲಿ ಈ ಎರಡನೆಯ ಮಾತು ಬಹಳ ತೊಂದರೆ ಕೊಟ್ಟಿದೆ. ಒಣಗಲಿ ಎಂದು ಗಾಯವನ್ನು ಗಾಳಿಗೆ ಬಿಡುತ್ತೇವೆ, ಒಣಗಲಿ ಎಂದು ಪೌಡರ್ ಉದುರಿಸುತ್ತೇವೆ, ಒಣಗಲಿ ಎಂದು ವಾರಗಟ್ಟಲೆ ನೀರು ಸೋಕಿಸುವುದಿಲ್ಲ. ಗಾಯಕ್ಕೆ ಬೇಕಾದದ್ದು ಇದರ ಉಲ್ಟಾ: ಒಳಗೆ ಹದವಾದ ಪಸೆ, ಸುತ್ತಲ ಚರ್ಮ ಒಣ, ಹೊರಗಿನ ಕೊಳೆಗೆ ತಡೆ. ಒಳ್ಳೆಯ ಡ್ರೆಸ್ಸಿಂಗ್ ಮಾಡುವುದು ಈ ಮೂರೇ ಕೆಲಸ.

ಈ ಬರಹ ಮನೆಯಲ್ಲಿ ಗಾಯ ನೋಡಿಕೊಳ್ಳುವವರಿಗೆ. ಆಪರೇಷನ್ ಆಗಿ ಬಂದವರು, ಬೈಕಿನಿಂದ ಬಿದ್ದು ತರಚಿಕೊಂಡವರು, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರು ಮನೆಯಲ್ಲಿದ್ದರೆ ಉಪಯೋಗಕ್ಕೆ ಬರುತ್ತದೆ. ವೈದ್ಯರು ಒಮ್ಮೆ ಗಾಯ ನೋಡಿ ‘ಮನೆಯಲ್ಲೇ ಮಾಡಬಹುದು’ ಎಂದಿದ್ದಾರೆ ಎಂದುಕೊಂಡೇ ಮುಂದಿನದನ್ನು ಬರೆದಿದೆ.

ಹಕ್ಕಳೆ ಕಟ್ಟಿದರೆ ಒಳಗೆ ಏನಾಗುತ್ತದೆ

1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ಸಂಶೋಧಕ ಎಳೆಯ ಹಂದಿಗಳ ಮೈಮೇಲೆ ಒಂದೇ ಅಳತೆಯ ತೆಳು ಗಾಯಗಳನ್ನು ಮಾಡಿ ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿದರು. ಹಾಳೆಯ ಕೆಳಗಿನ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಕಾರಣ ಸರಳ. ಹೊಸ ಚರ್ಮದ ಜೀವಕೋಶಗಳು ಗಾಯದ ಅಂಚಿನಿಂದಲೂ ಕೂದಲ ಬುಡಗಳಿಂದಲೂ ಹೊರಟು ಪಸೆ ಇರುವ ಮೇಲ್ಮೈ ಮೇಲೆ ಜಾರಿಕೊಂಡು ಹರಡುತ್ತವೆ. ಮೇಲೆ ಒಣ ಹಕ್ಕಳೆ ಕೂತಿದ್ದರೆ ಅವು ಅದರ ಅಡಿಗೆ ಇಳಿದು, ಅದನ್ನು ತಳದಿಂದ ಬಿಡಿಸುತ್ತಾ ದಾರಿ ಮಾಡಿಕೊಳ್ಳಬೇಕು. ಗಾಯದಿಂದ ಜಿನುಗುವ ತೆಳು ಹಳದಿ ರಸಿಕೆಯಲ್ಲಿ ಬಿಳಿ ರಕ್ತಕಣಗಳೂ, ಸತ್ತ ಅಂಗಾಂಶ ಕರಗಿಸುವ ಕಿಣ್ವಗಳೂ, ಬೆಳವಣಿಗೆಗೆ ಚಾಲನೆ ಕೊಡುವ ವಸ್ತುಗಳೂ ಇರುತ್ತವೆ. ಅದು ಕೀವಲ್ಲ. ಅದನ್ನು ಪೂರ್ತಿ ಒರೆಸಿ ಒಣಗಿಸಿದರೆ ಕೆಲಸದವರನ್ನೇ ಹೊರಗೆ ಕಳಿಸಿದಂತೆ.

ಹಾಗೆಂದು ಒದ್ದೆಯೂ ಆಗಬಾರದು. ರಸಿಕೆ ತುಂಬಿ ಸುತ್ತಲ ಚರ್ಮಕ್ಕೆ ಹರಿದರೆ ಆ ಚರ್ಮ ಗಂಟೆಗಟ್ಟಲೆ ಬಟ್ಟೆ ಒಗೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿ, ಹರಿದು, ಗಾಯವೇ ದೊಡ್ಡದಾಗುತ್ತದೆ.

ಒಂದು ಅಪವಾದ ಮರೆಯಬೇಡಿ. ರಕ್ತಸಂಚಾರ ನಿಂತು ಕಪ್ಪಗೆ, ಗಟ್ಟಿಯಾಗಿ, ಒಣಗಿ ನಿಂತ ಕಾಲ್ಬೆರಳು ಅಥವಾ ಹಿಮ್ಮಡಿಯ ಒಣ ಕಪ್ಪು ಪದರ ಇದ್ದರೆ ಅದನ್ನು ಒದ್ದೆ ಮಾಡಬೇಡಿ, ನೆನೆಸಬೇಡಿ, ಸುಲಿಯಬೇಡಿ. ಒಣಗಿರುವಷ್ಟು ಹೊತ್ತು ಅಲ್ಲಿ ಸೋಂಕು ಹಿಡಿತದಲ್ಲಿರುತ್ತದೆ. ಅದು ಮೆತ್ತಗಾಗಿ ನಾರತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು.

ಸಾಮಾನು

ನಾರ್ಮಲ್ ಸಲೈನ್, ಅಂದರೆ 0.9% ಉಪ್ಪು ನೀರು. ಮೆಡಿಕಲ್ ಶಾಪಿನಲ್ಲಿ 100 ಮತ್ತು 500 ಮಿ.ಲೀ. ಬಾಟಲಿ ಸಿಗುತ್ತದೆ. ಚಿಕ್ಕದೇ ಲೇಸು, ಯಾಕೆಂದರೆ ಒಮ್ಮೆ ತೆರೆದ ಬಾಟಲಿಯನ್ನು 24 ಗಂಟೆ ದಾಟಿ ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಮಾಡುವುದಾದರೆ 1 ಲೀಟರ್ ಕುಡಿಯುವ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟ ಸವರಿದ ಟೀ ಚಮಚದಲ್ಲಿ ಒಂದೂವರೆ. ಮುಚ್ಚಿದ ಪಾತ್ರೆಯಲ್ಲಿ 10 ನಿಮಿಷ ಕುದಿಸಿ, ಮುಚ್ಚಳ ತೆಗೆಯದೆ ಆರಿಸಿ, ಅಂದಿನದು ಅಂದಿಗೇ ಮುಗಿಸಿ. ‘ಇನ್ನೊಂದು ಚಿಟಿಕೆ ಇರಲಿ’ ಎಂದು ಉಪ್ಪು ಜಾಸ್ತಿ ಹಾಕಬೇಡಿ. ಗಾಯ ಉರಿಯುತ್ತದೆ, ಜೀವಕೋಶಗಳ ಒಳಗಿನ ನೀರೂ ಹೊರಗೆ ಸೆಳೆಯಲ್ಪಡುತ್ತದೆ. ತರಚು ಗಾಯ ತೊಳೆಯಲು ಕುಡಿಯಲು ಯೋಗ್ಯವಾದ ನಲ್ಲಿ ನೀರೂ ಸಾಕು. ಸಂಪು, ಟ್ಯಾಂಕ್‌ನಲ್ಲಿ ನಿಂತ ಬೋರ್‌ವೆಲ್ ನೀರಾದರೆ ಕುದಿಸಿ ಆರಿಸಿ ಬಳಸಿ.

ಸ್ಟೆರೈಲ್ (ಕ್ರಿಮಿರಹಿತ ಮಾಡಿದ) ಗಾಜ್ ಬಟ್ಟೆ, 10 ಸೆಂ.ಮೀ. ಚೌಕದ ಪ್ಯಾಕೆಟ್‌ಗಳು. ಗಾಯಕ್ಕೆ ಅಂಟದ ಪ್ಯಾರಫಿನ್ ಜಾಲಿ ಡ್ರೆಸ್ಸಿಂಗ್. ರಸಿಕೆ ಹೀರಲು ಗ್ಯಾಮ್ಜಿ ಪ್ಯಾಡ್: ಎರಡು ಗಾಜ್ ಪದರದ ನಡುವೆ ಹತ್ತಿ ಇಟ್ಟು ಮಾಡಿದ ದಿಂಬು. ನರ್ಸುಗಳ ಬಾಯಲ್ಲಿ ಇಂದಿಗೂ ಓಡಾಡುವ ಈ ಹೆಸರು ಬಂದದ್ದು 1880ರಲ್ಲಿ ಇದನ್ನು ಬಳಕೆಗೆ ತಂದ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಸ್ಯಾಂಪ್ಸನ್ ಗ್ಯಾಮ್ಜಿಯಿಂದ. ಕೈ ಮತ್ತು ಪಾದಕ್ಕೆ 4 ಇಂಚಿನ, ಮೊಣಕಾಲು ತೊಡೆಗೆ 6 ಇಂಚಿನ ರೋಲರ್ ಬ್ಯಾಂಡೇಜ್. ಕಾಗದದಂಥ ಪ್ಲಾಸ್ಟರ್, ಎರಡು ಜೊತೆ ಗ್ಲೌಸ್, 20 ಮಿ.ಲೀ. ಸಿರಿಂಜ್, ಇದಕ್ಕೇ ಮೀಸಲಿಟ್ಟ ಕತ್ತರಿ, ಒಂದು ಪ್ಲಾಸ್ಟಿಕ್ ಕವರ್, ಹಳೆಯ ಪೇಪರ್.

ಪಟ್ಟಿಯಲ್ಲಿ ಬಿಡಿ ಹತ್ತಿ ಇಲ್ಲ ಎಂಬುದನ್ನು ಗಮನಿಸಿ. ಬಿಡಿ ಹತ್ತಿಯನ್ನು ಗಾಯಕ್ಕೆ ಒತ್ತಿದರೆ ಎಳೆಗಳು ಒಳಗೆ ಉಳಿಯುತ್ತವೆ, ದೇಹ ಅವನ್ನು ಕಸವೆಂದೇ ನೋಡಿ ಸುತ್ತ ಉರಿಯೂತ ಎಬ್ಬಿಸುತ್ತದೆ. ಗಾಯದ ಮೇಲೆಯೇ ಹಿಡಿದು ಗಾಜ್ ಕತ್ತರಿಸಿದರೂ ಇದೇ ಕತೆ, ದಾರದ ಚೂರು ಉದುರುತ್ತವೆ. ಕತ್ತರಿಸುವ ಬದಲು ಅಂಚನ್ನು ಒಳಕ್ಕೆ ಮಡಚಿ.

ಆಂಟಿಬಯೋಟಿಕ್ ಪೌಡರ್ ಕೂಡ ಪಟ್ಟಿಯಲ್ಲಿಲ್ಲ. ರಸಿಕೆಯೊಂದಿಗೆ ಸೇರಿ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಅಡಿಯಲ್ಲಿ ಕೀವು ಕಟ್ಟಿದರೂ ಕಾಣುವುದಿಲ್ಲ. ಸ್ಪಿರಿಟ್ ಮತ್ತು ಡೆಟಾಲ್ ಗಾಯಕ್ಕೆ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಬುಸಬುಸನೆ ನೊರೆ ಬರುವುದನ್ನು ಕಂಡು ಕ್ರಿಮಿ ಸಾಯುತ್ತಿವೆ ಎಂದು ಎಲ್ಲರೂ ಖುಷಿ ಪಡುತ್ತಾರೆ. ನಮ್ಮ ಅಂಗಾಂಶದಲ್ಲೇ ಇರುವ ಒಂದು ಕಿಣ್ವ ಅದನ್ನು ಒಡೆದು ಆಮ್ಲಜನಕ ಬಿಡುವುದರಿಂದ ಏಳುವ ನೊರೆ ಅದು. ಬಾಯಿ ಕಿರಿದಾದ ಆಳದ ಗಾಯಕ್ಕೆ ಪೆರಾಕ್ಸೈಡ್ ಸುರಿದರೆ ಆ ಗಾಳಿಗುಳ್ಳೆ ರಕ್ತನಾಳಕ್ಕೂ ಹೊಕ್ಕೀತು.

ಪೊವಿಡೋನ್ ಅಯೋಡಿನ್‌ಗೆ, ಎಲ್ಲರೂ ಬೀಟಾಡಿನ್ ಅನ್ನುವ ಕಂದು ದ್ರಾವಣಕ್ಕೆ, ತನ್ನದೇ ಜಾಗವಿದೆ: ಸುತ್ತಲ ಚರ್ಮ, ಮಣ್ಣು ಮೆತ್ತಿದ ಹೊಸ ಗಾಯ, ಸೋಂಕು ತಗುಲಿದ ಗಾಯಕ್ಕೆ ವೈದ್ಯರು ಹೇಳಿದಷ್ಟು ದಿನ. ಹಚ್ಚಿ ತಕ್ಷಣ ಒರೆಸಿದರೆ ಪ್ರಯೋಜನವಿಲ್ಲ, ಒಣಗಲು 2 ನಿಮಿಷ ಬಿಡಬೇಕು. ಕೆಂಪಗೆ ಹೊಸ ಮಾಂಸ ಬಂದ ಶುಚಿ ಗಾಯಕ್ಕೆ ದಿನವೂ ಸುರಿಯುವುದು ಬೇಡ, ಅದು ಕ್ರಿಮಿಯನ್ನೂ ಹೊಸ ಜೀವಕೋಶವನ್ನೂ ಬೇರೆ ಮಾಡಿ ನೋಡುವುದಿಲ್ಲ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಎಳೆ ಮಕ್ಕಳ ವಿಷಯದಲ್ಲಿ ಕೇಳಿಕೊಂಡೇ ಬಳಸಿ.

ಡ್ರೆಸ್ಸಿಂಗ್ ಬದಲಿಸುವ ಕ್ರಮ

1. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅರ್ಧ ಗಂಟೆ ಮೊದಲೇ ಕೊಡಿ. ಕಸ ಗುಡಿಸಿದ ಬೆನ್ನಿಗೇ ಡ್ರೆಸ್ಸಿಂಗ್ ಬಿಚ್ಚಬೇಡಿ, ಧೂಳು ಕೂರಲು ಅರ್ಧ ಗಂಟೆ ಬಿಡಿ. ಫ್ಯಾನ್ ನಿಲ್ಲಿಸಿ. ಸಲೈನ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಗಾಯ ತಣ್ಣಗಾದರೆ ಜೀವಕೋಶಗಳ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಎಲ್ಲವನ್ನೂ ಜೋಡಿಸಿಕೊಂಡ ಮೇಲೇ ಬಿಚ್ಚಬೇಕು. ಗಾಯ ತೆರೆದಿಟ್ಟು ಕತ್ತರಿ ಹುಡುಕುವಂತಾಗಬಾರದು.

2. ಉಂಗುರ, ಬಳೆ, ವಾಚ್ ತೆಗೆದು ಸೋಪಿನಿಂದ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ. ಹೆಬ್ಬೆರಳು, ಉಗುರಿನ ಸಂದು, ಬೆರಳ ನಡುವೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಗ್ಲೌಸ್ ಇದೆಯೆಂದು ಈ ಹಂತ ಹಾರಿಸಬೇಡಿ.

3. ಮೊದಲ ಜೊತೆ ಗ್ಲೌಸ್ ಹಾಕಿ ಹಳೆಯ ಡ್ರೆಸ್ಸಿಂಗ್ ಬಿಚ್ಚಿ. ಪ್ಲಾಸ್ಟರನ್ನು ಮೇಲಕ್ಕೆ ಎಳೆಯಬೇಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದರಲ್ಲಿ ಪ್ಲಾಸ್ಟರನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತಾ ಬನ್ನಿ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಪ್ಲಾಸ್ಟರಿನೊಂದಿಗೇ ಎದ್ದು ಬರುತ್ತದೆ.

ಕೊನೆಯ ಪದರ ಗಾಯಕ್ಕೆ ಅಂಟಿಕೊಂಡಿದೆಯೇ? ಕಣ್ಣುಮುಚ್ಚಿ ಕಿತ್ತರೆ ಒಂದೇ ಕ್ಷಣದ ನೋವು ಎಂಬ ಧೈರ್ಯ ಇಲ್ಲಿ ಬೇಡ. ಬೆಚ್ಚಗಿನ ಸಲೈನ್ ಅದರ ಮೇಲೆ ಸುರಿದು 5ರಿಂದ 10 ನಿಮಿಷ ಕಾಯಿರಿ. ಒಣ ಗಾಜ್ ಮೊದಲು ನೀರು ಕುಡಿದು ಬಣ್ಣ ಬದಲಿಸುತ್ತದೆ, ಆಮೇಲೆ ಅಂಚು ತಾನಾಗಿ ಸಡಿಲಾಗುತ್ತದೆ. ಒಂದು ಮೂಲೆ ಹಿಡಿದು ಮೆಲ್ಲಗೆ ಮಗುಚಿ ನೋಡಿ. ಗಾಜ್‌ನ ಕಣ್ಣುಗಳಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಮೂಡಿದರೆ ನಿಲ್ಲಿಸಿ, ಇನ್ನಷ್ಟು ಸಲೈನ್ ಹಾಕಿ. ಆ ಪ್ರತಿ ಚುಕ್ಕೆಯೂ ಹೊಸದಾಗಿ ಬೆಳೆದ ರಕ್ತನಾಳದ ಕುಡಿ, ಬಟ್ಟೆಯ ಕಣ್ಣೊಳಗೆ ಬೆಳೆದುಕೊಂಡದ್ದು. ದಿನವೂ ಕಿತ್ತರೆ ವಾರದ ದುಡಿಮೆ ದಿನವೂ ಹೋಗುತ್ತದೆ. ಮೂರು ದಿನ ಸತತವಾಗಿ ಅಂಟುತ್ತಿದ್ದರೆ ಆ ಗಾಯಕ್ಕೆ ಬರೀ ಗಾಜ್ ಸರಿಯಲ್ಲ ಎಂದರ್ಥ, ಅಡಿಯಲ್ಲಿ ಪ್ಯಾರಫಿನ್ ಜಾಲಿ ಹಾಕಿ.

4. ಬಿಚ್ಚಿದ ಡ್ರೆಸ್ಸಿಂಗನ್ನು ಕವರಿಗೆ ಹಾಕುವ ಮೊದಲು ನೋಡಿ. ಎಷ್ಟು ನೆನೆದಿದೆ, ಯಾವ ಬಣ್ಣ, ಯಾವ ವಾಸನೆ? ತೆಳು ಹಳದಿ ಅಥವಾ ತಿಳಿ ಗುಲಾಬಿ ಸಹಜ. ಗಟ್ಟಿ ಹಳದಿ ಕೀವು, ನಾತ, ಹಸಿರು-ನೀಲಿ ಕಲೆ ಸಹಜವಲ್ಲ. ಆ ಹಸಿರು ಸಾಮಾನ್ಯವಾಗಿ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದ ಗುರುತು, ವೈದ್ಯರಿಗೆ ತೋರಿಸಲು ಫೋಟೋ ತೆಗೆದಿಡಿ.

5. ಗ್ಲೌಸ್ ಬದಲಿಸಿ. ಈ ಹಂತವನ್ನೇ ಜನ ಹೆಚ್ಚು ಬಿಡುವುದು: ಹಳೆಯ ಡ್ರೆಸ್ಸಿಂಗ್ ಮುಟ್ಟಿದ ಕೈಯಲ್ಲೇ ಹೊಸ ಗಾಜ್ ಎತ್ತುತ್ತಾರೆ.

6. ತೊಳೆಯಿರಿ. ಸಿರಿಂಜಿನಲ್ಲಿ ಸಲೈನ್ ತುಂಬಿ, ಸೂಜಿ ಇಲ್ಲದೆ, ಗಾಯದಿಂದ 4-5 ಸೆಂ.ಮೀ. ದೂರ ಹಿಡಿದು ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುವಂತೆ ಚಿಮ್ಮಿಸಿ. ಅಂಗೈಯಗಲದ ಗಾಯಕ್ಕೆ 100 ಮಿ.ಲೀ. ಆದರೂ ಬೇಕು. ಹಾರುವ ಹನಿ ಕಣ್ಣಿಗೆ ಬೀಳದಂತೆ ಮುಖ ದೂರವಿಡಿ. ಗಾಜ್‌ನಿಂದ ಒರೆಸಬೇಕಾದಲ್ಲಿ ಗಾಯದ ನಡುವಿನಿಂದ ಹೊರಕ್ಕೆ, ಒಂದು ಗಾಜ್‌ಗೆ ಒಂದೇ ಸವರು. ಹೊಲಿಗೆಯಾದರೆ ಗೆರೆಯ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಒಮ್ಮೆ, ಆಮೇಲೆ ಅಕ್ಕಪಕ್ಕ. ಒಬ್ಬರಿಗೇ ಎರಡು ಮೂರು ಗಾಯಗಳಿದ್ದರೆ ಶುಚಿಯಾದದ್ದು ಮೊದಲು, ಕೀವಿರುವುದು ಕೊನೆಗೆ.

7. ಸುತ್ತಲ ಚರ್ಮವನ್ನು ಮಾತ್ರ ಒಣ ಗಾಜ್‌ನಿಂದ ಒತ್ತಿ ಒರೆಸಿ, ಗಾಯವನ್ನಲ್ಲ. ರಸಿಕೆ ಹೆಚ್ಚಿದ್ದರೆ ಅಂಚಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್ ಅಥವಾ ವ್ಯಾಸಲಿನ್ ತೆಳುವಾಗಿ ಸವರಿ. ಪ್ಲಾಸ್ಟರ್ ಕೂರುವ ಜಾಗಕ್ಕೆ ಬಳಿದರೆ ಅದು ಅರ್ಧ ದಿನದಲ್ಲೇ ಕಳಚಿಕೊಳ್ಳುತ್ತದೆ.

8. ಹೊಸ ಪದರಗಳು. ಮೊದಲನೆಯದು ಗಾಯಕ್ಕೆ ತಾಗುವಂಥದ್ದು: ಪ್ಯಾರಫಿನ್ ಜಾಲಿ, ಅಥವಾ ಸಲೈನಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಗಾಜ್. ನೀರು ತೊಟ್ಟಿಕ್ಕಬಾರದು. ಅದು ಗಾಯದ ಅಳತೆಗೇ ಇರಲಿ, ಒದ್ದೆ ಗಾಜ್ ಆರೋಗ್ಯವಂತ ಚರ್ಮದ ಮೇಲೆ ಕೂತರೆ ಅದನ್ನೂ ಕೊಳೆಸುತ್ತದೆ. ಅದರ ಮೇಲೆ ಒಣ ಗಾಜ್, ರಸಿಕೆ ನೋಡಿಕೊಂಡು ಪ್ಯಾಡ್. ಒಣ ಪದರ ಗಾಯದ ಅಂಚು ದಾಟಿ 2-3 ಸೆಂ.ಮೀ. ಚಾಚಿರಲಿ.

ಕುರು ಕೊಯ್ದ ಗಾಯದಂಥ ಗುಳಿ ಇದ್ದರೆ ಗಾಜ್ ಬಟ್ಟೆಯನ್ನು ಸಡಿಲವಾಗಿ ತುಂಬಬೇಕು, ಗಿಡಿದು ತುರುಕಬಾರದು. ಬಿಗಿಯಾಗಿ ತುರುಕಿದರೆ ರಕ್ತ ಓಡಾಡುವುದಿಲ್ಲ, ಕೀವೂ ಹೊರಬರುವುದಿಲ್ಲ. ಗುಳಿಗೆ ಒಂದೇ ಉದ್ದ ಪಟ್ಟಿ ಬಳಸಿ, ತುದಿ ಹೊರಗೆ ಕಾಣುವಂತೆ ಬಿಡಿ. ತುಂಡು ತುಂಡಾಗಿ ಹಾಕಿದರೆ ಒಂದು ಒಳಗೇ ಉಳಿದು, ಮೇಲೆ ಚರ್ಮ ಕೂಡಿಕೊಂಡು, ತಿಂಗಳ ಬಳಿಕ ಮತ್ತೆ ಕೀವು ಒಡೆಯುತ್ತದೆ. ಬೇರೆ ದಾರಿಯಿಲ್ಲದೆ ಎರಡು ತುಂಡು ಹಾಕಿದ್ದಾದರೆ ಲೆಕ್ಕವನ್ನು ಪ್ಲಾಸ್ಟರಿನ ಮೇಲೆ ಬರೆಯಿರಿ.

9. ಕಟ್ಟು. ಬೆರಳ ಕಡೆಯಿಂದ ಶುರುಮಾಡಿ ಎದೆಯ ಕಡೆಗೆ ಸುತ್ತುತ್ತಾ ಹೋಗಿ, ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚಲಿ. ಬೆರಳ ತುದಿಗಳು ಹೊರಗಿರಲಿ. ಉಗುರನ್ನು ಒತ್ತಿ ಬಿಟ್ಟಾಗ ಸುಮಾರು 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಆಗಲೇ ಬಿಚ್ಚಿ. ಪ್ಲಾಸ್ಟರನ್ನು ಎಳೆದು ಹಿಗ್ಗಿಸಿ ಅಂಟಿಸಬೇಡಿ, ಅದು ಕುಗ್ಗುವಾಗ ಚರ್ಮ ಎಳೆದು ಬೊಕ್ಕೆ ಏಳುತ್ತದೆ. ಬೆರಳಿಗೆ ಸುತ್ತಲೂ ಪೂರ್ತಿ ಉಂಗುರದಂತೆ ಪ್ಲಾಸ್ಟರ್ ಹಾಕಬಾರದು. ರಾತ್ರಿ ಊತ ಏರಿದರೆ ಅದೇ ಉರುಳಾಗುತ್ತದೆ. ಓರೆಯಾಗಿ, ತುದಿಗಳು ಕೂಡದಂತೆ ಅಂಟಿಸಿ.

ದಿನಾ ಬದಲಿಸಬೇಕೆ?

ಬೇಕಿಲ್ಲದಿರಬಹುದು. ದಿನವೂ ಬಿಚ್ಚುವುದು ಗಾಜ್ ಕಾಲದ ಅಭ್ಯಾಸ. ಪ್ರತಿ ಸಲ ಬಿಚ್ಚಿದಾಗಲೂ ಗಾಯ ತಣ್ಣಗಾಗುತ್ತದೆ, ಹೊರಗಿನ ಕ್ರಿಮಿಗೆ ಬಾಗಿಲು ತೆರೆಯುತ್ತದೆ. ಆದರೆ ರಸಿಕೆ ಪದರಗಳನ್ನು ದಾಟಿ ಹೊರಗಿನ ಬಟ್ಟೆಯಲ್ಲಿ ಕಲೆಯಾಗಿ ಕಂಡರೆ ವೇಳಾಪಟ್ಟಿ ನೋಡದೆ ಆಗಲೇ ಬದಲಿಸಿ, ಒದ್ದೆ ದಾರಿಯಲ್ಲೇ ಕ್ರಿಮಿಗಳು ಹೊರಗಿನಿಂದ ಒಳಗೆ ಬರುತ್ತವೆ. ಮೇಲೆ ಇನ್ನೊಂದು ಸುತ್ತು ಬ್ಯಾಂಡೇಜ್ ಹಾಕಿ ಕಲೆ ಮರೆಸುವುದು ಪರಿಹಾರವಲ್ಲ.

ಅಂಗಡಿಯಲ್ಲಿ ಸಿಗುವ ಬೇರೆ ಡ್ರೆಸ್ಸಿಂಗ್‌ಗಳನ್ನು ಆರಿಸುವುದು ರಸಿಕೆಯ ಪ್ರಮಾಣ ನೋಡಿ. ರಸಿಕೆ ಇಲ್ಲದ ಹೊಲಿಗೆ, ತೆಳು ತರಚು ಗಾಯಕ್ಕೆ ಪಾರದರ್ಶಕ ಫಿಲ್ಮ್. ಸ್ವಲ್ಪ ರಸಿಕೆ ಇದ್ದರೆ ಹೈಡ್ರೋಕೊಲಾಯ್ಡ್, ಅಂದರೆ ರಸಿಕೆ ಹೀರಿ ಲೋಳೆಯಾಗುವ ಅಂಟು ಹಾಳೆ, 3ರಿಂದ 7 ದಿನ ಬಿಡಬಹುದು. ಇದನ್ನು ಬಿಚ್ಚಿದಾಗ ಅಡಿಯಲ್ಲಿ ಹಳದಿ ಲೋಳೆ, ಒಂದು ಥರ ವಾಸನೆ ಇರುತ್ತದೆ. ಅದು ಡ್ರೆಸ್ಸಿಂಗ್ ಕರಗಿದ್ದು, ತೊಳೆದರೆ ಹೋಗುತ್ತದೆ. ತೊಳೆದ ಮೇಲೂ ನಾತ ಉಳಿದರೆ ಮಾತ್ರ ಚಿಂತೆ. ಒಣಗಿ ಹಳದಿ ಪದರ ಕಟ್ಟಿದ ಗಾಯವನ್ನು ಹೈಡ್ರೋಜೆಲ್ ಎಂಬ ನೀರು ತುಂಬಿದ ಲೋಳೆ ಮೆತ್ತಗೆ ಮಾಡುತ್ತದೆ. ತುಂಬಾ ಸುರಿಯುವ ಗಾಯಕ್ಕೆ ಫೋಮ್ ಅಥವಾ ಆಲ್ಜಿನೇಟ್. ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟಿನ ಕ್ಯಾಲ್ಸಿಯಂ ಗಾಯದ ಸೋಡಿಯಂನೊಂದಿಗೆ ಜಾಗ ಬದಲಿಸಿಕೊಂಡು ಲೋಳೆಯಾಗುತ್ತದೆ. ಒಣ ಗಾಯದ ಮೇಲಿಟ್ಟರೆ ಅದು ಲೋಳೆಯಾಗದೆ ಹಕ್ಕಳೆಯಂತೆ ಅಂಟಿ ಕೂರುತ್ತದೆ, ದುಡ್ಡೂ ದಂಡ. ಬೆಳ್ಳಿ ಸೇರಿದ ಡ್ರೆಸ್ಸಿಂಗ್ ಸೋಂಕಿರುವಾಗ ಸಾಮಾನ್ಯವಾಗಿ ಎರಡು ವಾರದ ಮಟ್ಟಿಗೆ. ಶುಚಿ ಗಾಯಕ್ಕೆ ‘ಒಳ್ಳೆಯದೇ ಇರಲಿ’ ಎಂದು ಕೊಳ್ಳಬೇಡಿ. ಹೈಡ್ರೋಕೊಲಾಯ್ಡಿನಂತೆ ಗಾಳಿಯಾಡದಂತೆ ಮುಚ್ಚುವ ಯಾವುದನ್ನೂ ಸೋಂಕಿರುವ ಗಾಯದ ಮೇಲೆ ಹಾಕಬಾರದು.

ಗಾಯವನ್ನು ಓದುವುದು

ಕೆಂಪಗೆ, ಸಣ್ಣ ಕಾಳುಗಳನ್ನು ಜೋಡಿಸಿದಂತೆ ಕಾಣುವುದು ಹೊಸ ಮಾಂಸ. ಅಂಚಿನಲ್ಲಿ ತಿಳಿ ಗುಲಾಬಿ ಗೆರೆ ಒಳಮುಖವಾಗಿ ಬರುತ್ತಿದ್ದರೆ ಚರ್ಮ ಹಬ್ಬುತ್ತಿದೆ. ಹಳದಿ ಲೋಳೆಯಂಥ ಪದರ ಸತ್ತ ಅಂಗಾಂಶ, ಅದನ್ನು ಉಗುರಿನಿಂದಲೋ ಚಿಮಟದಿಂದಲೋ ಎಳೆಯಬೇಡಿ. ಬಿಳಿ-ಹಳದಿಯಾಗಿ ಹೊಳೆಯುವ ಪಟ್ಟಿ ಸ್ನಾಯುರಜ್ಜೂ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಆಗಿರಬಹುದು. ಕೊಳೆ ಎಂದು ಅದನ್ನು ಕಿತ್ತರೆ ಬೆರಳು ಮತ್ತೆ ಮಡಚುವುದಿಲ್ಲ.

ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು, ಅದೇ ದೂರ, ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯ ಪಾದದ ಹುಣ್ಣು 4 ವಾರದಲ್ಲಿ ಅರ್ಧದಷ್ಟಾದರೂ ಕಿರಿದಾಗದಿದ್ದರೆ ಅದೇ ಡ್ರೆಸ್ಸಿಂಗ್ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಕಾರಣ ಹುಡುಕಬೇಕು.

ಮೊದಲ ಎರಡು ಮೂರು ದಿನ ಗಾಯದ ಸುತ್ತ ತುಸು ಕೆಂಪು, ಬಿಸಿ, ಊತ ಇರುವುದು ಸಹಜ, ಮತ್ತು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ ಅಲ್ಲಿ ಸೋಂಕು. ಆಪರೇಷನ್ ಗಾಯದಲ್ಲಿ ಇದು ಹೆಚ್ಚಾಗಿ 5ರಿಂದ 10ನೇ ದಿನದ ನಡುವೆ ತಲೆಯೆತ್ತುತ್ತದೆ, ಅಂದರೆ ಮನೆಗೆ ಬಂದ ಮೇಲೆ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ. ಕೆಲವು ಗಂಟೆಗಳಲ್ಲಿ ಕೆಂಪು ಗೆರೆ ದಾಟಿದರೆ, ಜ್ವರ ಚಳಿ ಬಂದರೆ, ಗಾಯ ಕಾಣುವುದಕ್ಕಿಂತ ನೋವು ಎಷ್ಟೋ ಪಾಲು ಹೆಚ್ಚಿದ್ದರೆ, ಒತ್ತಿದಾಗ ಚರ್ಮದಡಿ ಚರಚರ ಅನ್ನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ.

ಕೀವಿದ್ದರೆ ಕಲ್ಚರ್ ಪರೀಕ್ಷೆಗೆ (ಯಾವ ಕ್ರಿಮಿ ಎಂದು ಬೆಳೆಸಿ ನೋಡುವುದಕ್ಕೆ) ಕೊಡುವ ಸ್ಯಾಂಪಲ್ ಗಾಯ ತೊಳೆದ ಮೇಲೆ ತೆಗೆದದ್ದಾಗಿರಬೇಕು. ಮೇಲೆ ನಿಂತ ಕೀವಿನಲ್ಲಿ ಚರ್ಮದ ಮಾಮೂಲಿ ಕ್ರಿಮಿಗಳೇ ತುಂಬಿರುತ್ತವೆ, ರಿಪೋರ್ಟ್ ನಂಬಿ ತಪ್ಪು ಆಂಟಿಬಯೋಟಿಕ್ ತಿನ್ನುವಂತಾಗುತ್ತದೆ. ಸೋಂಕಿನ ಲಕ್ಷಣವೇ ಇಲ್ಲದ ಗಾಯಕ್ಕೆ ಕಲ್ಚರೂ ಬೇಡ, ಆಂಟಿಬಯೋಟಿಕ್ಕೂ ಬೇಡ.

ಗಾಯಕ್ಕೊಂದು ಗಮನ

ಹೊಲಿಗೆ ಹಾಕಿದ ಗಾಯ: ಆಪರೇಷನ್ ಥಿಯೇಟರಿನಲ್ಲಿ ಹಾಕಿದ ಡ್ರೆಸ್ಸಿಂಗನ್ನು 48 ಗಂಟೆ ಮುಟ್ಟದಿರುವುದೇ ಒಳ್ಳೆಯದು. ಅಷ್ಟರಲ್ಲಿ ಅಂಚುಗಳು ಕೂಡಿಕೊಂಡಿರುತ್ತವೆ. ಆಮೇಲೆ ವೈದ್ಯರು ಬೇಡವೆಂದಿಲ್ಲದಿದ್ದರೆ ಮೈಮೇಲೆ ನೀರು ಹರಿಸಿಕೊಂಡು ಸ್ನಾನ ಮಾಡಬಹುದು, ನೀರು ಬಿದ್ದರೆ ನಂಜಾಗುತ್ತದೆ ಎಂಬ ಹೆದರಿಕೆ ಬೇಡ. ತೊಟ್ಟಿ, ಕೆರೆ, ಈಜುಕೊಳ ಮಾತ್ರ ಬೇಡ. ಹೊಲಿಗೆ ಬಿಚ್ಚುವುದು ಮುಖದಲ್ಲಿ 3ರಿಂದ 5 ದಿನಕ್ಕೆ, ಹೊಟ್ಟೆ ಬೆನ್ನಿಗೆ 7ರಿಂದ 10, ಕೈಕಾಲಿಗೆ 10ರಿಂದ 14. ಬಿಚ್ಚಿದ ಕೂಡಲೇ ಭಾರ ಎತ್ತಬೇಡಿ: ಮೂರನೇ ವಾರದಲ್ಲಿ ಕೂಡಿದ ಚರ್ಮಕ್ಕೆ ಮೂಲ ಬಲದ ಐದನೇ ಒಂದು ಪಾಲಷ್ಟೇ ಬಂದಿರುತ್ತದೆ.

ತರಚು ಗಾಯ: ರಸ್ತೆಯ ಮಣ್ಣು, ಟಾರಿನ ಕಣ ಒಳಗೆ ಉಳಿದರೆ ಕೀವಾಗುತ್ತದೆ, ಇಲ್ಲವೇ ನೀಲಿ ಹಚ್ಚೆಯಂತೆ ಉಳಿಯುತ್ತದೆ. ಮೊದಲ ದಿನವೇ ಹರಿವ ನೀರು, ಸೋಪು ಬಳಸಿ ಕೂಲಂಕಷವಾಗಿ ತೊಳೆಯಿರಿ. ಕೊಳೆ ಗಾಯವಾಗಿದ್ದು ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ದಾಟಿದ್ದರೆ ಇನ್ನೊಂದು ಡೋಸ್ ಬೇಕು. ಶುಚಿಯಾದ ಸಣ್ಣ ಗಾಯಕ್ಕೆ ಈ ಲೆಕ್ಕ 10 ವರ್ಷ.

ಸಕ್ಕರೆ ಕಾಯಿಲೆಯ ಪಾದ: ಇಲ್ಲಿ ಡ್ರೆಸ್ಸಿಂಗ್ ಎರಡನೆಯ ಮಾತು. ಮೊದಲನೆಯದು ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಹೆಜ್ಜೆಯಿಟ್ಟಾಗಲೆಲ್ಲ ಜಜ್ಜಿಹೋಗುವ ಗಾಯಕ್ಕೆ ಯಾವ ದುಬಾರಿ ಹಾಳೆ ಅಂಟಿಸಿದರೂ ಅದು ಮಾಯುವುದಿಲ್ಲ. ಅಂಗಾಲಿನ ಹುಣ್ಣಿಗೆ ದಪ್ಪ ಗಾಜ್ ಗಂಟು ಕಟ್ಟಿದರೆ ಚಪ್ಪಲಿಯಲ್ಲಿ ಕಲ್ಲಿಟ್ಟುಕೊಂಡು ನಡೆದಂತೆ. ಪ್ಯಾಡ್ ತೆಳುವಾಗಿರಲಿ. ವೈದ್ಯರು ಹಾಕುವ ಕಾಂಟ್ಯಾಕ್ಟ್ ಕಾಸ್ಟ್ (ಕಾಲಿನ ಆಕಾರಕ್ಕೇ ಕೂರುವ ಗಟ್ಟಿ ಕಟ್ಟು) ಅಥವಾ ಭಾರ ತಪ್ಪಿಸುವ ಪಾದರಕ್ಷೆಯನ್ನು ರಾತ್ರಿ ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಗೂ ತಪ್ಪಿಸಬೇಡಿ. ಹುಣ್ಣು ಮಾಯ್ದ ಮೇಲೆ ಎಂಸಿಆರ್ ಚಪ್ಪಲಿ (ಮೆತ್ತನೆಯ ಮೈಕ್ರೋ ಸೆಲ್ಯುಲರ್ ರಬ್ಬರಿನದು) ಮನೆಯೊಳಗೂ ಇರಲಿ. ನರ ಸತ್ತ ಪಾದಕ್ಕೆ ನೋವಾಗುವುದಿಲ್ಲ, ಆದ್ದರಿಂದ ‘ನೋವಿಲ್ಲ’ ಎಂಬುದು ಸಮಾಧಾನದ ಮಾತಲ್ಲ. ಕಾರಣ ಗೊತ್ತಾಗದೆ ಸಕ್ಕರೆ ಏರುತ್ತಿದ್ದರೆ ಬಟ್ಟೆ ಬಿಚ್ಚಿ ನೋಡಿ, ಒಳಗಿನ ಸೋಂಕಿನ ಸುಳಿವು ಅದೊಂದೇ ಇರಬಹುದು. ಬಿಸಿನೀರಲ್ಲಿ ಕಾಲು ನೆನೆಹಾಕುವುದು, ಬ್ಲೇಡಿನಿಂದ ಆಣಿ ಕೆತ್ತುವುದು ಎರಡೂ ಬೇಡ.

ಪಾದದ ಗಿಣ್ಣಿನ ಒಳಬದಿಯಲ್ಲಿ ವರ್ಷಗಟ್ಟಲೆ ಸುರಿಯುವ ವೆರಿಕೋಸ್ ಹುಣ್ಣಿಗೆ (ಕಾಲಿನ ಅಭಿಧಮನಿಗಳು ಉಬ್ಬಿ ಆಗುವ ಹುಣ್ಣಿಗೆ) ಮದ್ದು ಒತ್ತಡದ ಕಟ್ಟು. ಕಾಲಿನ ಅಪಧಮನಿ ಸರಿಯಿದೆಯೆಂದು ಪರೀಕ್ಷೆ ಮಾಡಿಸದೆ ಬಿಗಿಯಾಗಿ ಕಟ್ಟಿದರೆ ಕಾಲಿಗೇ ಕುತ್ತು.

ಸುಟ್ಟ ಗಾಯ: ಹರಿಯುವ ತಣ್ಣೀರಿನಡಿ 20 ನಿಮಿಷ. ಐಸ್, ಕಾಫಿಪುಡಿ, ಟೂತ್‌ಪೇಸ್ಟ್, ಶಾಯಿ ಬೇಡ. ಬಾಳೆಎಲೆಯ ಮಾತು ಕೇಳಿರುತ್ತೀರಿ, ಅದು ಕಟ್ಟುಕತೆಯಲ್ಲ. ಮುಂಬೈಯ ವೈದ್ಯರು ಬಾಳೆಎಲೆಯ ಡ್ರೆಸ್ಸಿಂಗ್ ಮಾಡಿ ಸುಟ್ಟ ಗಾಯಗಳ ಮೇಲೆ ಪರೀಕ್ಷಿಸಿದ್ದಾರೆ, ಎಲೆ ಅಂಟುವುದಿಲ್ಲವಾದ್ದರಿಂದ ಬಿಚ್ಚುವಾಗ ನೋವು ಕಡಿಮೆ. ಆದರೆ ಅವರು ಬಳಸಿದ್ದು ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರದಲ್ಲಿ ಕ್ರಿಮಿರಹಿತ ಮಾಡಿದ ಎಲೆ, ಹಿತ್ತಲಿನಿಂದ ಕೊಯ್ದು ತಂದದ್ದಲ್ಲ.

ನಾಯಿ ಕಡಿತ: ಕಟ್ಟು ಹಾಕಲೇಬೇಡಿ. ಸೋಪು, ಹರಿವ ನೀರಿನಿಂದ 15 ನಿಮಿಷ ತೊಳೆದು, ಅರಿಶಿನ ಖಾರದಪುಡಿ ಸುಣ್ಣ ಏನೂ ಮೆತ್ತದೆ ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ.

ನಂಜಿನ ಪಥ್ಯ

ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ, ಮಾಂಸ ನಂಜು, ಗಾಯ ಕೀವಾಗುತ್ತದೆ ಎಂದು ರೋಗಿಗೆ ಬರೀ ಗಂಜಿ, ತಿಳಿಸಾರು ಕೊಡುವ ಮನೆಗಳು ಇನ್ನೂ ಇವೆ. ಹೊಸ ಮಾಂಸ ಹುಟ್ಟಬೇಕಾದರೆ ಪ್ರೋಟೀನ್ ಬೇಕು. ದೊಡ್ಡ ಗಾಯ ಇರುವವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂನಷ್ಟು. ಗಂಜಿಯಲ್ಲಿ ಇದು ಎಲ್ಲಿಂದ ಬಂದೀತು? ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರಮಾಣ ಕೇಳಿಕೊಳ್ಳಿ. ಬೀಡಿ ಸಿಗರೇಟು ಗಾಯಕ್ಕೆ ರಕ್ತ ಹೋಗುವ ಸಣ್ಣ ನಾಳಗಳನ್ನೇ ಬಿಗಿಯುತ್ತವೆ. ಪಥ್ಯ ಮಾಡುವುದಿದ್ದರೆ ಅದರಲ್ಲಿ ಮಾಡಿ.

ಬಿಚ್ಚಿದ್ದನ್ನು ಎಲ್ಲಿ ಹಾಕಬೇಕು

ಹಳೆಯ ಗಾಜ್ ಮತ್ತು ಗ್ಲೌಸನ್ನು ಕವರಿನಲ್ಲಿ ಕಟ್ಟಿ, ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ. ಬೆಂಗಳೂರಿನಲ್ಲಾದರೆ ಇದು ಕೆಂಪು ಬುಟ್ಟಿಗೆ, ಹಸಿ ಕಸಕ್ಕೂ ಅಲ್ಲ, ಒಣ ಕಸದ ಚೀಲಕ್ಕೂ ಅಲ್ಲ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಬರಿಗೈಗೆ ನಿಮ್ಮ ಮನೆಯ ಕೀವು ತಾಗಬಾರದು. ಸೂಜಿ, ಬ್ಲೇಡ್ ಇದ್ದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಆಸ್ಪತ್ರೆಗೇ ಮರಳಿಸಿ. ಕತ್ತರಿಯನ್ನು ಸೋಪಿನಲ್ಲಿ ತೊಳೆದು 20 ನಿಮಿಷ ಕುದಿಸಿ, ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿಡಿ. ಮತ್ತೊಮ್ಮೆ ಕೈ ತೊಳೆದು, ಹೊಸ ಕಟ್ಟಿನ ಪ್ಲಾಸ್ಟರ್ ಮೇಲೆ ಇವತ್ತಿನ ತಾರೀಖು, ಹೊತ್ತು ಬರೆಯಿರಿ. ನಾಳೆ ಬಿಚ್ಚುವವರು ಬೇರೆ ಯಾರೋ ಆಗಿರಬಹುದು.